ಹುಟ್ಟು ಹಿಡಿದವರು ಯಾರು?

ನನ್ನ ಜೀವನದ ಏಕೈಕ ಸಾಹಸದೊಳಗೆ ಮೂತಿ ಇಟ್ಟು ಒಂದು ಎಮ್ಮೆ ಕಲಗಚ್ಚು ಕುಡಿಯುತ್ತಿತ್ತು.

ಸಾಹಸ ಅಂದರೆ ಒಂದು ದೋಣಿ. ಅಲ್ಯೂಮಿನಿಯಂ ದೋಣಿ. ಹುಳಿಮಾವಿನ ಮುನಿಯಪ್ಪನವರ ಕೊಟ್ಟಿಗೆಯಲ್ಲಿ ಅದರ ಒಂದು ತುದಿಗೆ ಕಲ್ಲು ಕೊಟ್ಟು ಎತ್ತರಿಸಿ, ಇನ್ನೊಂದು ತುದಿಯಲ್ಲಿ ತೌಡು ಕಲಸಿದ ನೀರು ನಿಲ್ಲಿಸಿದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬೇಡವಾದ ಸಾಮಾನು ಹರಾಜು ಹಾಕಿದರಲ್ಲ, ಆಗ ಮುನಿಯಪ್ಪನವರ ತಂದೆ ಬೆಂಗಳೂರು ದಂಡಿನಿಂದ ಎತ್ತಿನಗಾಡಿಯ ಮೇಲೆ ಹೇರಿಕೊಂಡು ಬಂದದ್ದು ಅದು. ಶತ್ರುವಿನ ನದಿ ದಾಟಲು ಹುಟ್ಟಿದ ದೋಣಿ, ಕೊನೆಗೆ ಎಮ್ಮೆಯ ಬಾನಿ.

ಮುನಿಯಪ್ಪ ನಮ್ಮ ಜಯನಗರದಲ್ಲಿ ಸೌದೆ ಡಿಪೋ ಇಟ್ಟಿದ್ದಾರೆ. ನಮ್ಮ ಒಲೆ ಉರಿಯುವುದು ಅವರ ಸೌದೆಯಿಂದ. "ಅವರೆಕಾಯಿ ಬಂದೈತೆ, ಅಮ್ಮಾವ್ರನ್ನ ಕರ್ಕೊಂಡು ಊರಿಗೆ ಬನ್ನಿ ಮೇಷ್ಟ್ರೇ" ಅಂದರು. ಹೋದೆವು. ಊಟ ಮುಗಿಸಿ ಕೈತೊಳೆಯಲು ಹಿತ್ತಿಲಿಗೆ ಬಂದರೆ ಈ ದೃಶ್ಯ.

ನನ್ನ ಹೆಂಡತಿ ಶಾರದೆಗೆ ತೋರಿಸಿದೆ. "ಇದೇ ದೋಣಿ!"

"ಓ, ಇದೇನಾ?" ಅಂದಳು. ಆ ದನಿಯಲ್ಲಿ ಭಕ್ತಿ ಇರಲಿಲ್ಲ.

ಆ ಕಥೆ ಕೇಳದವರು ನಮ್ಮ ಬಳಗದಲ್ಲಿ ಯಾರೂ ಇಲ್ಲ. ನೀವು ಕೇಳಿಲ್ಲವಾದ್ದರಿಂದ ಹೇಳುತ್ತೇನೆ. ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ನಾನಿನ್ನೂ ಎಂ.ಎ. ವಿದ್ಯಾರ್ಥಿ. ಲಾಲ್‌ಬಾಗಿನ ಪಕ್ಕದ ಸಿದ್ದಾಪುರದ ನಮ್ಮ ಮನೆಯಲ್ಲಿ ಜನ ಜಾಸ್ತಿ, ಜಾಗ ಕಡಿಮೆ. ಹಾಗಾಗಿ ಸೈಕಲ್ ತುಳಿದುಕೊಂಡು ಹುಳಿಮಾವು ಕೆರೆಯ ದಡಕ್ಕೆ ಹೋಗಿ ಓದುತ್ತಿದ್ದೆ. ಮುನಿಯಪ್ಪನವರ ಪರಿಚಯವಾದದ್ದು ಅಲ್ಲೇ. ಆ ವರ್ಷ ವಿಪರೀತ ಮಳೆ. ಕೆರೆ ಕೋಡಿ ಬಿದ್ದು ರಸ್ತೆ ಕಡಿದುಹೋಗಿತ್ತು. ಓದಲು ಹೋದ ನಾನೂ ಊರಿನಲ್ಲೇ ಸಿಕ್ಕಿಕೊಂಡ ಅಂಥ ಒಂದು ಮಧ್ಯಾಹ್ನ ಮುನಿಯಪ್ಪನವರ ಹೆಂಡತಿ ಚೌಡಮ್ಮನಿಗೆ ಹೆರಿಗೆ ನೋವು. ಮಗು ಅಡ್ಡ ತಿರುಗಿದೆ, ಆಸ್ಪತ್ರೆಗೆ ಒಯ್ಯದಿದ್ದರೆ ಇಬ್ಬರೂ ಉಳಿಯುವುದಿಲ್ಲ ಎಂದು ಸೂಲಗಿತ್ತಿ ಕೈಚೆಲ್ಲಿದಳು.

ಉಳಿದದ್ದು ಈ ದೋಣಿ. ಚೌಡಮ್ಮನನ್ನು ಹುಲ್ಲಿನ ಮೇಲೆ ಮಲಗಿಸಿದೆವು. ಮುನಿಯಪ್ಪ ಹತ್ತಿದರು, ನಾನು ಹತ್ತಿದೆ. ಸುರಿಯುವ ಮಳೆಯಲ್ಲಿ ನಾನು ಹುಟ್ಟು ಹಾಕಿದೆ. ಆಚೆ ದಡ ಮುಟ್ಟಿಸಿದೆ. ಅಲ್ಲಿಂದ ಕಲ್ಲು ಸಾಗಿಸುವ ಲಾರಿ, ಲಾರಿಯಿಂದ ಆಸ್ಪತ್ರೆ. ತಾಯಿ, ಮಗಳು ಇಬ್ಬರೂ ಕ್ಷೇಮ. ಮಗಳ ಹೆಸರು ಗಂಗಾ.

ಇಷ್ಟೇ ಕಥೆ. ("ಪ್ರತಿ ಸಲ ಹೇಳಿದಾಗಲೂ ಆ ಕೆರೆ ಒಂದೊಂದು ಫರ್ಲಾಂಗು ಹೆಚ್ಚು ಅಗಲ ಆಗುತ್ತೆ" ಎಂಬುದು ಶಾರದೆಯ ದೂರು.)

ವಿಚಿತ್ರ ನೋಡಿ, ಮುನಿಯಪ್ಪನವರ ಎದುರಿಗೆ ಮಾತ್ರ ನಾನು ಇದನ್ನು ಒಮ್ಮೆಯೂ ಹೇಳಿದವನಲ್ಲ. ಸೌಜನ್ಯ ಅಂದುಕೊಂಡಿದ್ದೆ. ಉಪಕಾರ ಮಾಡಿದವನು ಅದನ್ನು ಎತ್ತಿ ಆಡಬಾರದಲ್ಲವೇ?

ಕೊಟ್ಟಿಗೆಯ ಗೋಡೆಗೆ ಹುಟ್ಟು ಒರಗಿತ್ತು. ಪ್ರೀತಿಯಿಂದ ಎತ್ತಿಕೊಂಡೆ. ಕೈಗೆ ಅದರ ಗುರುತೇ ಇಲ್ಲ! ಎಲ್ಲಿ ಹಿಡಿಯಬೇಕು, ಅಗಲದ ಕಡೆ ಯಾವ ಮುಖಕ್ಕೆ ತಿರುಗಬೇಕು, ಏನೂ ತಿಳಿಯಲಿಲ್ಲ. ಸೈಕಲ್ ಕಲಿತ ಕಾಲು ಸೈಕಲನ್ನು ಮರೆಯುತ್ತದೆಯೇ? ಹಾಗಿದ್ದರೆ ಈ ಕೈ ಯಾಕೆ ಹೀಗೆ?

ಕಾಲೇಜಿನಲ್ಲಿ ನಾನು ತತ್ತ್ವಶಾಸ್ತ್ರ ಹೇಳಿಕೊಡುವವನು. "ಕಂಡದ್ದೆಲ್ಲ ನಿಜ ಎಂದು ನಿಮಗೆ ಹೇಗೆ ಗೊತ್ತು?" ಎಂದು ಹುಡುಗರನ್ನು ಹೆದರಿಸಿ ಸಂಬಳ ಎಣಿಸುವವನು. ದೇವರನ್ನು ಅನುಮಾನಿಸಿದ್ದೇನೆ, ಜಾತಕವನ್ನು ಅನುಮಾನಿಸಿದ್ದೇನೆ, ಸರ್ಕಾರವನ್ನು ದಿನಾ ಅನುಮಾನಿಸುತ್ತೇನೆ. ಈ ಒಂದು ಕಥೆಯನ್ನು ಮಾತ್ರ ಅನುಮಾನಿಸಿರಲಿಲ್ಲ. ಯಾಕೆಂದರೆ ನನ್ನ ಹತ್ತಿರ ಹೆಮ್ಮೆಪಡುವುದಕ್ಕೆ ಇದ್ದದ್ದು ಅದೊಂದೇ.

ಇನ್ನೇನು ದಾರಿ? ಎಕ್ಸ್‌ಪೆರಿಮೆಂಟ್! ದೋಣಿ ರಿಪೇರಿ ಮಾಡಿ ಕೆರೆಗಿಳಿಸುವುದು. ಕೂತು ಹುಟ್ಟು ಹಾಕುವುದು. ಕೈಗೆ ತಾನಾಗಿ ನೆನಪಾದರೆ ನಾನು ಗೆದ್ದೆ.

"ಎಮ್ಮೆ ಬಾನಿ ಕಿತ್ಕೊಳ್ತೀರಾ ಮೇಷ್ಟ್ರೇ?" ಅಂದರು ಮುನಿಯಪ್ಪ.

"ಸಿಮೆಂಟಿನದು ಕಟ್ಟಿಸಿ. ಇದು ನಿಮ್ಮಪ್ಪನ ದೋಣಿ."

ಅಪ್ಪನ ಹೆಸರು ಎತ್ತಿದ್ದಕ್ಕೆ ಮೆತ್ತಗಾದರು. "ಆಗ್ಲಿ ಬುಡಿ. ಓದ್ದೋರಿಗೆ ಒಂದೊಂದ್ ಸಲ ಹಿಂಗಾಯ್ತದೆ."

ಭಾನುವಾರ ಬಂತೆಂದರೆ ನಾನೂ ಶಾರದೆಯೂ ಹುಳಿಮಾವಿನ ಬಸ್ಸು ಹತ್ತುವುದು ರೂಢಿಯಾಯಿತು. ಮೊದಲ ಕೆಲಸ ತೊಳೆಯುವುದು. ಸಗಣಿ, ತೌಡು, ಪಾಚಿ, ವರ್ಷಗಟ್ಟಲೆ ಒಣಗಿ ಕಲ್ಲಾಗಿತ್ತು. ನಾನು ಬಿಸಿನೀರಿಗೆ ವಾಷಿಂಗ್ ಸೋಡಾ ಕಲಸಿ ಸುರಿದೆ. ಅದು ಬುಸುಬುಸು ನೊರೆಗಟ್ಟಿ ಲೋಹವೆಲ್ಲ ಕಪ್ಪಾಗತೊಡಗಿತು.

"ರೀ! ಅಲ್ಯೂಮಿನಿಯಂ ಪಾತ್ರೆಗೆ ಯಾರಾದ್ರೂ ಸೋಡಾ ಹಾಕ್ತಾರೇನ್ರೀ? ತಿಂದು ಹಾಕುತ್ತೆ!" ಶಾರದೆ ಕೊಡದಿಂದ ನೀರು ಸುರಿದು ಕಾಪಾಡಿದಳು. ಅಲ್ಲಿಂದ ಮುಂದೆ ಹುಣಸೆಹಣ್ಣು, ತೆಂಗಿನನಾರು. ಅವಳೂ ಚೌಡಮ್ಮನೂ ಸೆರಗು ಸಿಕ್ಕಿಸಿ ಕೂತು, ಮದುವೆಮನೆಯ ಪಾತ್ರೆ ಬೆಳಗುವ ಹಾಗೆ ಆ ಯುದ್ಧದ ದೋಣಿಯನ್ನು ಬೆಳಗಿದರು. ಸಂಜೆ ಬಿಸಿಲಿಗೆ ಅದು ಹೊಳೆದದ್ದು ನೋಡಲು ಬೀದಿಯವರೆಲ್ಲ ಬಂದರು. ನಾನು ಎದೆ ಉಬ್ಬಿಸಿ ಪಕ್ಕದಲ್ಲಿ ನಿಂತಿದ್ದೆ. (ಕೆಲಸ ಮಾಡಿದವರು ಸುಸ್ತಾಗಿ ಒಳಗೆ ಕಾಫಿ ಕುಡಿಯುತ್ತಿದ್ದರು.)

ಕೊಳೆ ಹೋದ ಮೇಲೆ ತಳದ ನಡುಮಧ್ಯೆ ಒಂದು ತೂತು ಕಂಡಿತು. ಎರಡು ತಗಡು ಕೂಡುವಲ್ಲಿ ರಿವೆಟ್‌ಗಳು ಹಾರಿಹೋಗಿ, ಅಂಗೈ ಹಿಡಿಸುವಷ್ಟು ಬಾಯಿ ಬಿಟ್ಟಿತ್ತು. ಅಂಚು ಗರಗಸದ ಹಲ್ಲಿನಂತೆ.

"ಇದು ಯಾವಾಗ ಆದದ್ದು ಮುನಿಯಪ್ಪನವರೇ?"

ಅವರು ನನ್ನನ್ನೇ ಒಂದು ಥರ ನೋಡಿದರು. "ತಮಾಸೆ ಮಾಡ್ತೀರಾ ಮೇಷ್ಟ್ರೇ?" ಅಂದು ತೂತಿನ ಅಳತೆ ತೆಗೆಯತೊಡಗಿದರು. ನನಗೆ ಅರ್ಥವಾಗಲಿಲ್ಲ. ಕೇಳಲು ಯಾಕೋ ಧೈರ್ಯವೂ ಬರಲಿಲ್ಲ.

ಮುಂದಿನ ಭಾನುವಾರ ತೇಪೆ ಹಾಕುವ ಕೆಲಸ. ಮುನಿಯಪ್ಪ ಪೇಟೆಯಿಂದ ಅಲ್ಯೂಮಿನಿಯಂ ತಗಡು, ರಿವೆಟ್ ತಂದಿದ್ದರು. ಪಾತ್ರೆಗೆ ಹಿಡಿ ಕೂರಿಸುತ್ತಾರಲ್ಲ, ಅದೇ ಕ್ರಮ. ರಿವೆಟ್ ಹೊಡೆಯಲು ಇಬ್ಬರು ಬೇಕು. ಹೊರಗಿನಿಂದ ಒಬ್ಬ ಸುತ್ತಿಗೆ ಹಾಕಬೇಕು. ಒಳಗಿನಿಂದ ಇನ್ನೊಬ್ಬ ರಿವೆಟ್ಟಿನ ತಲೆಗೆ ಕಬ್ಬಿಣದ ಭಾರ ಒತ್ತಿ ಹಿಡಿದಿರಬೇಕು. ಇಲ್ಲವಾದರೆ ಏಟೆಲ್ಲ ದಂಡ, ರಿವೆಟ್ ಕೂರುವುದಿಲ್ಲ.

ದೋಣಿಯನ್ನು ಕಲ್ಲುಗಳ ಮೇಲೆ ಬೋರಲು ಹಾಕಿದೆವು. ಸುತ್ತಿಗೆ ನನಗಿರಲಿ ಎಂದೆ. ಮೊದಲ ಏಟು ರಿವೆಟ್ಟಿಗೆ ಬೀಳಲಿಲ್ಲ. ಎರಡನೆಯದು ತೇಪೆಯ ಅಂಚು ಹಿಡಿದಿದ್ದ ಮುನಿಯಪ್ಪನವರ ಹೆಬ್ಬೆರಳಿಗೆ ಬಿತ್ತು. ಸುತ್ತಿಗೆ ಕೈ ಬದಲಾಯಿಸಿತು. ನಾನು ಗೋಣಿತಾಟು ಹಾಸಿಕೊಂಡು ದೋಣಿಯ ಕೆಳಗೆ ನುಸುಳಿದೆ. ಡಿಪೋದಲ್ಲಿ ಸೌದೆ ತೂಗುವ ಕಬ್ಬಿಣದ ತೂಕದ ಕಲ್ಲನ್ನು ಎರಡೂ ಕೈಯಲ್ಲಿ ಮೇಲಕ್ಕೆ ಒತ್ತಿ ಹಿಡಿದು ಮಲಗಿದೆ. ಮುಖದ ಮೇಲೆ ಕತ್ತಲು. ತಲೆಯೊಳಗೆ ಟಣ್ ಟಣ್.

"ಗಟ್ಯಾಗ್ ಹಿಡ್ಕಳಿ! ಅಲ್ಲಾಡಬ್ಯಾಡಿ!" ಹೊರಗಿನಿಂದ ಮುನಿಯಪ್ಪ.

"ಅಲ್ಲಾಡಲ್ಲ ಬುಡು, ಅವತ್ತೇ ಅಲ್ಲಾಡ್ನಿಲ್ಲ" ಅಂದದ್ದು ಚೌಡಮ್ಮನ ದನಿ.

"ಅವತ್ತು ಅಂದ್ರೆ?" ಶಾರದೆಯ ದನಿ.

"ಅದೇ ಅಮ್ಮಾವ್ರೇ, ನನ್ನನ್ನ ದೋಣಿಲಿ ಸಾಗಿಸಿದ ದಿನ. ಈ ತೂತಿನ ಮ್ಯಾಲೆ ಕೂತ್ಕಂಡ್ರಲ್ಲ ಮೇಷ್ಟ್ರು."

ಸುತ್ತಿಗೆ ನಿಂತಿತು.

"ಇವರು ಹುಟ್ಟು ಹಾಕಿದ್ರು ಅಂತಾರಲ್ಲ?"

ಚೌಡಮ್ಮ ನಕ್ಕ ನಗೆ ತಗಡಿನ ಮೇಲೆ ಮಳೆ ಬಿದ್ದಂತೆ ಕೇಳಿಸಿತು. "ಹುಟ್ಟಾ? ಇವ್ರಾ? ಹುಟ್ಟು ಹಾಕಿದ್ದು ನಮ್ಮೋರು. ನಡುನೀರಿಗೆ ಬರೋ ಹೊತ್ಗೆ ಬಂಡೆ ತಾಕಿ ತಳ ಕಿತ್ಕಂಡು ನೀರು ಬುಗ್ಗೆ ಥರ ಎದ್ದೇಳ್ತು. ಮೇಷ್ಟ್ರು ಅಂಗಿ ಬಿಚ್ಚಿ ತುರುಕಿದ್ರು, ನಿಲ್ಲನಿಲ್ಲ. ನನ್ನ ಸೀರೆ ಸೆರಗು ಕೊಟ್ಟೆ, ನಿಲ್ಲನಿಲ್ಲ. ಕಡೇಗೆ ಅದರ ಮ್ಯಾಲೇ ಕುಂತ್ಬುಟ್ರು. ದಡ ಬರೋಗಂಟ ಏಳ್ನಿಲ್ಲ. ಎದ್ದಿದ್ರೆ ನಾನೂ ಇಲ್ಲ, ಗಂಗಾನೂ ಇಲ್ಲ."

ದೋಣಿಯ ಕೆಳಗಿನಿಂದಲೇ ತತ್ತ್ವಶಾಸ್ತ್ರ ಬಾಯಿಬಿಟ್ಟಿತು. "ಚೌಡಮ್ಮ, ನಿಮಗೆ ಆಗ ಅಷ್ಟು ನೋವಿತ್ತು. ಸರಿಯಾಗಿ ಹೇಗೆ ನೆನಪಿರುತ್ತೆ?"

"ಮಲಗಿದ್ದೋಳಿಗೆ ಕಾಣ್ತಿದ್ದಿದ್ದು ನಿಮ್ಮ ಮಕ ಒಂದೇ ಸಾಮಿ. ಹಲ್ಲು ಕಚ್ಕಂಡು, ಕಣ್ಣಲ್ಲಿ ನೀರು ಸುರಿಸ್ಕಂಡು… ನನಗಿಂತ ಮುಂಚೆ ನೀವೇ ಹೆತ್ಬುಡ್ತೀರೇನೋ ಅನ್ಕಂಡೆ!"

ಮುನಿಯಪ್ಪನವರು ಸುತ್ತಿಗೆ ಕೆಳಗಿಟ್ಟು ನಗತೊಡಗಿದರು. ಶಾರದೆ ಮಾತ್ರ ನಗಲಿಲ್ಲ. ಬಗ್ಗಿ ದೋಣಿಯ ಅಂಚಿನಡಿಯಿಂದ ಇಣುಕಿದಳು. "ರೀ, ನಿಮ್ಮ ತೊಡೆ ಹಿಂದೆ ಒಂದು ಉದ್ದ ಗಾಯದ ಗುರುತಿದೆಯಲ್ಲ?"

"ಅದು ಸೈಕಲ್ಲಿಂದ ಬಿದ್ದದ್ದು. ಲಾಲ್‌ಬಾಗಿನ ಹತ್ತಿರ, ಇಳಿಜಾರಿನಲ್ಲಿ."

"ಸೈಕಲ್ಲಿಂದ ಬಿದ್ದೋರಿಗೆ ಮೊಣಕಾಲು ತರಚುತ್ತೆ. ಕೂರೋ ಜಾಗ ಹೇಗ್ರೀ ಕುಯ್ಯುತ್ತೆ?"

ಹೌದಲ್ಲ! ಇಷ್ಟು ವರ್ಷ ಈ ಪ್ರಶ್ನೆ ನನಗೆ ಯಾಕೆ ಹೊಳೆಯಲಿಲ್ಲ? ಹರಿದ ಪ್ಯಾಂಟು ಹಿಡಿದುಕೊಂಡು ಅಮ್ಮ ಗದರಿಸಿದ್ದು ನೆನಪಿದೆ. ಕೆರೆಗೆ ಇಳಿದೆ ಅಂದರೆ ಇನ್ನೂ ಗದರುತ್ತಾಳೆಂದು ತಪ್ಪನ್ನು ಸೈಕಲ್ಲಿನ ಮೇಲೆ ಹಾಕಿರಬೇಕು. ಅಮ್ಮನಿಗೆ ಹೇಳಿದ್ದನ್ನು ಕೊನೆಗೆ ನಾನೇ ನಂಬಿರಬೇಕು. ಗಾಯ ಸೈಕಲ್ಲಿನ ಲೆಕ್ಕಕ್ಕೆ ಹೋದ ಮೇಲೆ ದೋಣಿಯಲ್ಲಿ ನನಗೊಂದು ಕೆಲಸ ಬೇಕಲ್ಲ? ಮನಸ್ಸು ಹುಟ್ಟನ್ನು ಕೈಗೆ ಕೊಟ್ಟಿತು. ಇದು ನನ್ನ ಥಿಯರಿ ಮಾತ್ರ. ಪ್ರೂಫ್ ಕೇಳಬೇಡಿ. ತೊಡೆಯ ಹಿಂದಿದೆ.

"ಆಯ್ತಾ ಮಾತು? ಇನ್ನೂ ರಿವೆಟ್ ಬಾಕಿ ಅವೆ" ಎಂದರು ಮುನಿಯಪ್ಪ. ಕಬ್ಬಿಣವನ್ನು ಮತ್ತೆ ಎತ್ತಿ ಒತ್ತಿದೆ. ತೋಳು ನಡುಗುತ್ತಿತ್ತು. ಅಲ್ಲಾಡಲಿಲ್ಲ. ಈ ಕೆಲಸ ಮಾತ್ರ ನನ್ನ ಮೈಗೆ ಗೊತ್ತಿತ್ತು.

ಹೋದ ಭಾನುವಾರ ದೋಣಿ ಕೆರೆಗಿಳಿಯಿತು. ಚೌಡಮ್ಮ ಅರಿಶಿನ ಕುಂಕುಮ ಇಟ್ಟು ತೆಂಗಿನಕಾಯಿ ಒಡೆದರು. (ನಾನು ಅನುಮಾನಿಸಲಿಲ್ಲ. ತೇಪೆಗೆ ಎಲ್ಲ ಸಹಾಯವೂ ಬೇಕು.) ಮುನಿಯಪ್ಪ ಹುಟ್ಟನ್ನು ನನ್ನ ಕೈಗೆ ಕೊಟ್ಟು, "ನಿಮ್ಮಾಸೆ ತೀರ್ಲಿ ಮೇಷ್ಟ್ರೇ" ಅಂದರು. ಎಕ್ಸ್‌ಪೆರಿಮೆಂಟ್ ಅರ್ಧಕ್ಕೆ ಬಿಡಬಾರದು. ಹಾಕಿದೆ. ದೋಣಿ ಗಾಣದ ಎತ್ತಿನಂತೆ ನಿಂತಲ್ಲೇ ಒಂದು ಸುತ್ತು ಸುತ್ತಿತು. ದಡದಲ್ಲಿದ್ದವರು ಚಪ್ಪಾಳೆ ತಟ್ಟಿದರು. ಹುಟ್ಟನ್ನು ವಾಪಸು ಕೊಟ್ಟು, ನಡುಮಧ್ಯೆ ಹೋಗಿ ತೇಪೆಯ ಮೇಲೆ ಕೂತೆ.

ಶಾರದೆ ಪಕ್ಕಕ್ಕೆ ಬಂದಳು. ಗಂಗಾ ಅವ್ವನ ಜೊತೆ ಎದುರಿಗೆ ಕೂತಿದ್ದಳು. ಎರಡು ಜಡೆ, ಬಾಯಿತುಂಬ ನೆಲಗಡಲೆ. ಅವಳಮ್ಮನ ಕಿವಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ, "ಅವ್ವಾ, ಕೂತಿದ್ದ ಮೇಷ್ಟ್ರು ಇವರೇ ಅಲ್ವಾ?" ಎಂದಳು.

ಗೊತ್ತಾಯಿತೇ? ನಾನು ಊರೆಲ್ಲ ಒಂದು ಕಥೆ ಹೇಳಿಕೊಂಡು ತಿರುಗುತ್ತಿದ್ದಾಗ, ಹುಳಿಮಾವಿನ ಆ ಮನೆಯಲ್ಲಿ ಇನ್ನೊಂದು ಕಥೆ ನಡೆಯುತ್ತಿತ್ತು. ಅದರಲ್ಲಿ ನಾನು ವೀರನಂತೆ ನಿಂತಿರಲಿಲ್ಲ. ಕೂತಿದ್ದೆ. ಅವರ ಕಥೆಯೇ ನನ್ನದಕ್ಕಿಂತ ದೊಡ್ಡದಾಗಿತ್ತು.

ನಡುನೀರಿನಲ್ಲಿ ಶಾರದೆ ನನ್ನ ಪಕ್ಕ ಕೈ ಇಟ್ಟು ತಳ ಮುಟ್ಟಿ ನೋಡಿದಳು. ಒಣಗಿಯೇ ಇತ್ತು.

"ಈಗ ಏಳಬಹುದು ರೀ" ಅಂದಳು. ನಾನು ಏಳಲಿಲ್ಲ. ಆ ಜಾಗದಲ್ಲಿ ಕೂತು ಕೆರೆ ನೋಡುವ ಸುಖವೇ ಬೇರೆ. ನನ್ನ ಕಾಲೇಜಿನ ಪ್ರಿನ್ಸಿಪಾಲರ ಕುರ್ಚಿಯಲ್ಲೂ ಅಷ್ಟು ಗತ್ತಿನಿಂದ ಯಾರೂ ಕೂತಿರಲಾರರು.

ಇವತ್ತು ನಮ್ಮ ಕಾಲೇಜಿನಲ್ಲಿ, ಸಂಘಗಳಲ್ಲಿ, ವಿಧಾನಸೌಧದಲ್ಲಿ ಎಲ್ಲಿ ನೋಡಿದರೂ ಹುಟ್ಟಿಗೆ ಕೈಚಾಚಿದವರೇ. ಒಳ್ಳೆಯದು. ಆದರೆ ಎಲ್ಲರೂ ಹುಟ್ಟು ಹಿಡಿಯಲು ಎದ್ದು ನಿಂತರೆ, ತೂತಿನ ಮೇಲೆ ಕೂರುವವರು ಯಾರು?