ಎರ್ಲಾಂಗೆನ್ನಿನ ಕಡಲಗೋಡೆ

ಜರ್ಮನಿಯ ಎರ್ಲಾಂಗೆನ್ನಿಗೆ ಕಡಲಿಲ್ಲ. ಆದರೂ ಅಲ್ಲಿನ ಆಟಿಕೆ ರೈಲು ಸಂಘದವರು ನೆಲಮಾಳಿಗೆಯಲ್ಲಿ ಕಡಲು ಕಟ್ಟುತ್ತಿದ್ದರು. ಇಂಗ್ಲಿಷರ ಕಾಲದ ಕೊಂಕಣದ ಒಂದು ಗೂಡ್ಸ್ ಯಾರ್ಡು, ಮಗ್ಗುಲಿಗೆ ಹಡಗುಕಟ್ಟೆ, ಸುತ್ತ ತಡೆಗೋಡೆ. ಎಲ್ಲ ಸೇರಿ ಮೂರು ಮೇಜಿನಗಲ. ನೀರು ಮಾತ್ರ ನಿಜದ್ದು.

ಗುಳೇದಗುಡ್ಡದ ಗುರುಬಸಪ್ಪ ಆರನೇ ಇಯತ್ತೆಗೇ ಶಾಲೆಗೆ ಶರಣು ಹೊಡೆದವನು. ಹರೆಯದಲ್ಲಿ ಏಳು ವರ್ಷ ಕಾರವಾರದ ಬಂದರಿನಲ್ಲಿ ತಡೆಗೋಡೆಗೆ ಕಲ್ಲು ಕಟ್ಟಿದ್ದ. ಈಗ ಇಲ್ಲಿ ಹೋಟೆಲಿನ ಅಡುಗೆಯವ. ಸಂಘಕ್ಕೆ ಕರೆತಂದವನು ಎಂಜಿನಿಯರ್ ಪ್ರವೀಣಕುಮಾರ. ಗುರುಬಸಪ್ಪನ ಕೈ ಬಂಗಾರ, ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ. ಸಭೆಯಲ್ಲಿ ಕೂಗಾಡಿದ್ದಕ್ಕೆ ಆಬ್‌ಮಾನುಂಗ್ ಎಂಬ ಎಚ್ಚರಿಕೆ ಪತ್ರ ಎರಡು ಸಲ ಮನೆಗೆ ಬಂದಿತ್ತು. ಮೂರನೆಯದು ಬಂದರೆ ಸಂಘದಿಂದ ಹೊರಗೆ. ಕಲ್ಲು ಮುಟ್ಟದಿದ್ದರೆ ಅವನಿಗೆ ವಾರ ಮುಗಿದಂತೆಯೇ ಆಗುತ್ತಿರಲಿಲ್ಲ. ಮುಟ್ಟಲು ಇದ್ದ ಜಾಗ ಆ ಸಂಘವೊಂದೇ.

ಆ ಶನಿವಾರ ಅಧ್ಯಕ್ಷ ಹಾರ್ಟ್‌ಮುಟ್ ನಕ್ಷೆ ಹರವಿದ. ಬಂದರಿನ ಬಾಯಿ ನೇರ ನೈಋತ್ಯಕ್ಕೆ!

"ನೋಡೋರು ಆ ಕಡೆ ನಿಲ್ತಾರಂತ. ಹಡಗ ಎದುರಿಗೆ ಕಾಣಬೇಕಂತ," ಎಂದು ಪ್ರವೀಣಕುಮಾರ ತಿಳಿಸಿದ.

"ಅಲ್ಲೋ, ಮಳಿಗಾಲ ಬರೂದ ಆ ದಿಕ್ಕಿನಿಂದ! ಕಳ್ಳಗ ಬಾಗಲಾ ತಗದು ಚಾಪಿ ಹಾಸಿದಂಗಾತು. ಹೇಳೋ ಆ ಮಾರಾಯಗ."

"ಹೇಳ್ತೀನಿ ಕಾಕಾ. ನೀವು ಹಲ್ಲ ಕಚ್ಚಿ ಹಿಡೀರಿ. ಇನ್ನೊಂದ ಪತ್ರ ಬಂದ್ರ ಕಾಕು ಮನ್ಯಾಗೂ ಒಂದ ಬರದ ಕೊಡ್ತಾಳ."

ಪ್ರವೀಣಕುಮಾರ ಜರ್ಮನ್‌ನಲ್ಲಿ ಹೇಳಿದ್ದನ್ನು ಕೇಳಿ ಹಾರ್ಟ್‌ಮುಟ್ ನಕ್ಕು, ಪರೀಕ್ಷೆ ಮಾಡಿಯೇ ಬಿಡೋಣ ಎಂದ. ತಡೆಗೋಡೆಯ ಕಲ್ಲನ್ನು ನಕ್ಷೆಯಂತೆ ಜೋಡಿಸಿಟ್ಟು, ನೈಋತ್ಯದ ಮೂಲೆಯಿಂದ ಹಲಗೆ ಹಿಡಿದು ನೀರು ತಳ್ಳಿದರು. ಮೊದಲ ಅಲೆಗೆ ಹಡಗು ಕಟ್ಟೆಗೆ ಹಣೆ ಜಜ್ಜಿಕೊಂಡಿತು. ಗುರುಬಸಪ್ಪ ತುಟಿ ಕಚ್ಚಿದ. ಎರಡನೆಯದಕ್ಕೆ ಹತ್ತಿ ತುಂಬಿದ ವ್ಯಾಗನ್ನುಗಳು ಅಡ್ಡ ಮಲಗಿದವು. ಅವನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಮೂರನೆಯದು ಯಾರ್ಡನ್ನೇ ದಾಟಿ ಮೇಜಿನಂಚಿನಿಂದ ಧಾರೆಯಾಗಿ ಇಳಿಯಿತು. ಕೆಳಗೆ ಕರೆಂಟಿನ ಪೆಟ್ಟಿಗೆ. ಅದನ್ನು ಎತ್ತಲು ಹಾರ್ಟ್‌ಮುಟ್ ಕೈ ಚಾಚಿದ.

"ಏ ಮುಟ್ಟಬ್ಯಾಡಲೇ, ಮಬ್ಬ! ಮೇನ್ ತಗೀರೋ!"

ಆ ದನಿಗೆ ನೆಲಮಾಳಿಗೆಯ ಗೋಡೆ ನಡುಗಿತು. ಮಾತು ತಿಳಿದದ್ದು ಒಬ್ಬನಿಗೆ, ಅರ್ಥ ತಿಳಿದದ್ದು ಎಲ್ಲರಿಗೆ. ಹಾರ್ಟ್‌ಮುಟ್ ಹಿಂದಕ್ಕೆ ಹಾರಿದ. ಪ್ರವೀಣಕುಮಾರ ಮೇನ್ ಸ್ವಿಚ್ ಎಳೆದ.

"ಮುಗೀತು ನನ್ನ ಕತಿ," ಎಂದು ಗುರುಬಸಪ್ಪ ಟೊಪ್ಪಿಗೆ ಹುಡುಕತೊಡಗಿದ.

ಟಾರ್ಚು ಹಚ್ಚಿಕೊಂಡು ಸಭೆ ಮುಂದುವರಿಸಿದರು. ಸಂಘದ ನಿಯಮ ಕರೆಂಟಿಗೆ ಕಾಯುವುದಿಲ್ಲ. ಈಗ ಆದದ್ದು ಕೂಗಾಟವೋ, ಸುರಕ್ಷತಾ ಸೂಚನೆಯೋ? ಮತಕ್ಕೆ ಹಾಕಿದರು. ಸೂಚನೆ ಎಂದು ಒಂಬತ್ತು ಕೈ ಎದ್ದವು. ಹಾರ್ಟ್‌ಮುಟ್ ಅದನ್ನು ನಡಾವಳಿಯಲ್ಲಿ ಬರೆದು, ಪೆನ್ಸಿಲನ್ನೂ ಒದ್ದೆ ನಕ್ಷೆಯನ್ನೂ ಗುರುಬಸಪ್ಪನತ್ತ ಸರಿಸಿದ.

ಗುರುಬಸಪ್ಪ ತಡೆಗೋಡೆಯನ್ನು ಮೊಣಕೈಯಂತೆ ಮಡಚಿ, ಬಂದರಿನ ಬಾಯನ್ನು ಉತ್ತರಕ್ಕೆ ತಿರುಗಿಸಿದ.

"ನೋಡೋರಿಗೆ ಈ ಕಡೆ ಬಂದು ನಿಂದರಾಕ ಹೇಳು," ಎಂದ ಪ್ರವೀಣಕುಮಾರನಿಗೆ. "ಮಂದಿನಾದ್ರ ಸರಸಬಹುದು. ಕಡಲಿಗೆ ಯಾರ ಪತ್ರ ಬರೀತಾರ?"