ಮೊಲದ ಎದೆಯ ತುಪ್ಪಟ

ಮಗಳು ಹೊಳಲ್ಕೆರೆಯ ಗೆಳತಿಯ ಮನೆಯಿಂದ ಒಂದು ಜೋಡಿ ಮೊಲ ತಂದಾಗ ನಾನು ಕೇಳಿದ ಮೊದಲ ಮಾತು, “ಇವನ್ನ ಎಲ್ಲಿ ಇಡ್ತೀಯ?” ಅಂತ. ಮನೆಯೊಳಗೆ ಬೇಡವೆಂದೆ. ದೇವರ ಗೂಡಿನ ಕೆಳಗೆ ಹಿಕ್ಕೆ ಬಿದ್ದರೆ ನನಗಾಗದು.

ಹಿತ್ತಲ ಹೊಂಗೆ ಮರದ ನೆರಳಿಗೆ ಗೂಡು ಕಟ್ಟುವುದೆಂದಾಯಿತು. ನನ್ನ ಮಾವ ಬದುಕೆಲ್ಲ ಕುರಿ ಕಾಯ್ದವರು. ಕುರಿಮರಿಗೆ ಮಾಡುವಂತೆ ನೆಲದ ಮೇಲೇ ಮುಳ್ಳುಬೇಲಿ ಸುತ್ತಿ, ಮೇಲೆ ಕಂಬಳಿ ಹೊದಿಸಲು ಹೊರಟಿದ್ದರು.

“ತಾತ, ಇವು ಬಿಲ ತೋಡ್ಕಂಡು ಪಕ್ಕದ ಮನೆಗೆ ಹೋಗ್ತವೆ. ಶೆಕೆನೂ ತಡಿಯಲ್ಲ” ಎಂದು ಮಗಳು ನಕ್ಕಳು.

ಕೊನೆಗೆ ಹಳೆಯ ಮಂಚದ ಚೌಕಟ್ಟಿಗೆ ಸಣ್ಣ ಕಣ್ಣಿನ ಜಾಲರಿ ಹೊಡೆದು ಸೊಂಟದೆತ್ತರಕ್ಕೆ ನಿಲ್ಲಿಸಿದೆವು. ಜಾಲರಿಗೆ ಮೊಲದ ಕಾಲು ನೋಯದಂತೆ ಒಳಗೊಂದು ಹಲಗೆ. ಇರುವೆ ಹತ್ತದಂತೆ ಮಂಚದ ನಾಲ್ಕು ಕಾಲಿಗೂ ನೀರು ತುಂಬಿದ ಡಬ್ಬಿ. ಕತ್ತಲೆ ಬೇಕೆಂದು ಮೂಲೆಗೊಂದು ಮುಚ್ಚಳದ ಪೆಟ್ಟಿಗೆ, ಅದರೊಳಗೆ ಒಣಹುಲ್ಲು. ಬಿಸಿಲೇರಿದರೆ ಒದ್ದೆ ಗೋಣಿಚೀಲ ಇಳಿಬಿಡುತ್ತಿದ್ದೆ.

ತಿಂಗಳು ಕಳೆದಿರಬೇಕು. ಒಂದು ಸೋಮವಾರ ಹೆಣ್ಣು ಮೊಲ ತನ್ನ ಎದೆಯ ತುಪ್ಪಟವನ್ನು ತಾನೇ ಬಾಯಲ್ಲಿ ಕೀಳುತ್ತಿತ್ತು. ಪೆಟ್ಟಿಗೆ ತುಂಬ ಬಿಳಿ ಕೂದಲು.

ಮಾವ ಬಗ್ಗಿ ನೋಡಿದರು. “ಕಜ್ಜಿ ಕಣವ್ವ. ಕುರಿಗೂ ಹಿಂಗೇ ಶುರುವಾಗದು. ಎಲ್ಲ ಗುಡಿಸಿ ಬಿಸಾಕು, ಎದಿಗೆ ಬೇವಿನೆಣ್ಣೆ ಹಚ್ಚು.”

ಕಜ್ಜಿಯ ವಿಚಾರದಲ್ಲಿ ಅವರ ಮಾತು ಎಂದೂ ಸುಳ್ಳಾಗಿರಲಿಲ್ಲ. ನಾನೇ ಗುಡಿಸಿದೆ. ಚೀಲಕ್ಕೆ ತುಂಬಿ ತಿಪ್ಪೆಗೆ ಹಾಕಿದೆ. ಪೆಟ್ಟಿಗೆ ತೊಳೆದಿಟ್ಟು, ಹೊಸ ಹುಲ್ಲು ನಾಳೆ ಹಾಕಿದರಾಯಿತು ಅಂದುಕೊಂಡೆ. ಗಂಡು ಮೊಲಕ್ಕೂ ಹತ್ತದಿರಲೆಂದು ಅದನ್ನು ಬುಟ್ಟಿಯಡಿ ಬೇರೆ ಮಾಡಿದೆ. ಎಣ್ಣೆ ಹಚ್ಚಿದ್ದೂ ನಾನೇ.

ಮರುದಿನ ಬೆಳಿಗ್ಗೆ ಸೊಪ್ಪು ಹಾಕಲು ಹೋದರೆ ಪೆಟ್ಟಿಗೆಯ ಬರಿಯ ತಳದಲ್ಲಿ ಐದು ಮರಿ. ಮೈಮೇಲೆ ಕೂದಲಿಲ್ಲ, ಕಣ್ಣು ಬಿಟ್ಟಿಲ್ಲ. ಎರಡು ಆಗಲೇ ತಣ್ಣಗಾಗಿದ್ದವು. ಅದು ಕಜ್ಜಿಯಲ್ಲ, ತಾಯಿ ಸಿದ್ಧ ಮಾಡಿಕೊಂಡ ಹಾಸಿಗೆ ಎಂದು ತಿಳಿಯಲು ಯಾರೂ ಹೇಳಬೇಕಾಗಲಿಲ್ಲ.

ತಿಪ್ಪೆಗೆ ಓಡಿದೆ. ಚೀಲದ ಬಾಯಿ ಕಟ್ಟಿದ್ದೆ, ತುಪ್ಪಟ ಒಣಗೇ ಇತ್ತು, ಅದೊಂದು ಪುಣ್ಯ. ಗಂಡು ಗೂಡಿನಲ್ಲಿಲ್ಲದೆ ಮರಿಗಳು ಅದರ ಕಾಲಡಿ ಸಿಗಲಿಲ್ಲ, ಅದೂ ಒಂದು. ಉಳಿದ ಮೂರನ್ನು ಸೆರಗಿನಲ್ಲಿ ಬೆಚ್ಚಗೆ ಮಾಡಿ, ಹುಲ್ಲು ಹಾಸಿ, ತುಪ್ಪಟ ಮುಚ್ಚಿದೆ. ಆಗ ಮೊಲದ ಎದೆಗೆ ಹಚ್ಚಿದ ಎಣ್ಣೆಯ ನೆನಪಾಯಿತು. ಮಗಳಿಗೆ ಮೊಲೆ ಬಿಡಿಸುವಾಗ ನಾನು ಹಚ್ಚಿಕೊಂಡದ್ದು ಇದೇ ಬೇವನ್ನು. ಒಂದೇ ದಿನಕ್ಕೆ ಅವಳು ಮುಖ ತಿರುಗಿಸಿದ್ದಳು.

ಕಡಲೆಹಿಟ್ಟು, ಬಿಸಿನೀರು, ಹಳೆಯ ಪಂಚೆಯ ತುಂಡು ತಂದೆ. ಮಾವ ಮೊಲವನ್ನು ತೊಡೆಯ ಮೇಲೆ ಹಿಡಿದುಕೊಂಡರು, ನಾನು ಒರೆಸಿದೆ, ಮತ್ತೆ ಒರೆಸಿದೆ.

“ಇಷ್ಟು ವರ್ಷ ಕುರಿ ಕಾಯ್ದು ಇದೊಂದು ತಿಳೀಲಿಲ್ಲ ನೋಡು” ಎಂದರು.

“ನೀವ್ ಹೇಳಿದ್ದು ಕುರಿಗೆ ಸರಿ ಐತೆ ಮಾವ. ಈಗ ಅಳ್ಳಾಡದಂಗೆ ಹಿಡ್ಕಳ್ರಿ.”

ಆ ದಿನ ಯಾವ ಕೆಲಸದಲ್ಲೂ ನನ್ನ ಗಮನ ನಿಲ್ಲಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ತಾಯಿ ಪೆಟ್ಟಿಗೆಯ ಹತ್ತಿರವೂ ಸುಳಿಯದೆ ಬೇರೆ ಮೂಲೆಯಲ್ಲಿ ಕೂತಿತ್ತು. ಕುರಿಯಾದರೆ ಮರಿಯನ್ನು ನೆಕ್ಕುತ್ತ ನಿಲ್ಲುತ್ತದೆ.

“ಅಮ್ಮ, ಮೊಲ ದಿನಕ್ಕೆ ಒಂದೋ ಎರಡೋ ಸಲ ಹಾಲು ಕೊಡೋದಂತೆ. ಫೋನಾಗೆ ಐತೆ” ಎಂದಳು ಮಗಳು.

ಫೋನಿಗೆ ನಮ್ಮ ಬೇವಿನೆಣ್ಣೆ ಗೊತ್ತೇ? ದೀಪ ಹಚ್ಚಿ ಬೀರಪ್ಪನಿಗೆ ಕೈ ಮುಗಿದೆ. ಬೇಡಿಕೊಳ್ಳುವುದನ್ನು ಪೂರ್ತಿ ಹೇಳುವ ಮೊದಲೇ ಹಿತ್ತಲಿಗೆ ಬಂದಿದ್ದೆ.

ಮರುದಿನ ಬೆಳಗಾಗುತ್ತಲೇ ಹೋಗಿ ತುಪ್ಪಟ ಸರಿಸಿದೆ. ಮೂರೂ ಬೆಚ್ಚಗಿದ್ದವು. ಎರಡರ ಹೊಟ್ಟೆ ಉಬ್ಬಿ, ತೆಳು ಚರ್ಮದೊಳಗೆ ಹಾಲು ಬೆಳ್ಳಗೆ ಕಾಣುತ್ತಿತ್ತು. “ನಮ್ಮಪ್ಪಾ, ಬೀರಪ್ಪಾ” ಎಂದೆ. ಮೂರನೆಯದು ಕುಡಿದಿತ್ತು, ಆದರೆ ಹೊಟ್ಟೆ ಅಷ್ಟು ತುಂಬಿರಲಿಲ್ಲ.

ಅದೊಂದಕ್ಕಾಗಿ ಮಧ್ಯಾಹ್ನದೊಳಗೆ ನಾಲ್ಕು ಸಲ ಮುಚ್ಚಳ ಎತ್ತಿರಬೇಕು.

“ಬಿಡವ್ವ ಸಾಕು, ಬಾಣಂತಿ ಮನಿಗೆ ಎಷ್ಟು ಸಲ ಹೋಗ್ತೀಯ?” ಎಂದು ಮಾವ ಗದರಿದರು. ಅವರೂ ಬೆಳಗಿನಿಂದ ಮರದ ಬುಡ ಬಿಟ್ಟಿರಲಿಲ್ಲ, ಬೆಕ್ಕು ಬರದಂತೆ ಕೋಲು ಹಿಡಿದು ಕೂತಿದ್ದರು.