ಮುಚ್ಚಿದ ಆಸ್ಪತ್ರೆಯ ಅಂಗಳದಲ್ಲೊಂದು ತರಗತಿ

ಬೆಲ್‌ಫೋರ್ಕ್ ಊರಿನ ಮೇಲೆ ಇನ್ನೂ ಮಂಜು ಕೂತಿದೆ. ಕೆಳಗಿನ ಹೊಳೆ ಕಾಣುವುದಿಲ್ಲ, ಅದರ ಸದ್ದು ಮಾತ್ರ ಗುಡ್ಡ ಹತ್ತಿ ಬರುತ್ತದೆ. ನೆತ್ತಿಯಲ್ಲಿ, ಮುಚ್ಚಿಹೋದ ಆಸ್ಪತ್ರೆಯ ಖಾಲಿ ಅಂಗಳದಲ್ಲಿ ಹಳೆಯ ನೀಲಿ ಕಾರೊಂದು ನಿಂತಿದೆ. ಒಳಗೆ ವರ್ಲೀನ್ ಕಾಡಿಲ್ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಅರ್ಧ ಮುಚ್ಚಿದ ಕಣ್ಣಿನಲ್ಲೇ ಟೈಪ್ ಮಾಡುತ್ತಿದ್ದಾರೆ. ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿ ಮುಗಿಸಿ ನೇರ ಇಲ್ಲಿಗೇ ಬಂದ ನರ್ಸ್ ಈಕೆ. ಪಕ್ಕದ ಸೀಟಿನಲ್ಲಿ ಕಾಫಿ ಫ್ಲಾಸ್ಕು, ಬಿಪಿ ನೋಡುವ ಯಂತ್ರ, ಮೂಲೆ ಮಡಚಿದ ಪಠ್ಯಪುಸ್ತಕ.

ಮಂಜಿನೊಳಗಿಂದ ಒಂದು ಕೈ ಬಂದು ಗಾಜು ತಟ್ಟುತ್ತದೆ. ಕೆಳಗಿನ ಬೀದಿಯ ಓಪಲ್.

"ಮಿಸ್ ವರ್ಲೀನ್, ಬೆಳಿಗ್ಗೆಯಿಂದ ತಲೆ ತಿರುಗ್ತಿದೆ."

"ಬೆಳಿಗ್ಗೆ ಇನ್ನೂ ಆಗೇ ಇಲ್ವಲ್ಲೇ ಓಪಲ್! ಕೈ ಕೊಡು ಇಲ್ಲಿ. ಮಾತ್ರೆ ತಗೋತಿದ್ದೀಯಾ?"

"ಒಂದಿನ ಬಿಟ್ಟು ಒಂದಿನ."

"ಊಟಾನೂ ಹಾಗೇ ಮಾಡ್ತೀಯಾ?"

ಓಪಲ್ ನಗುತ್ತಾಳೆ, ಬಿಪಿ ನೋಡಿಸಿಕೊಳ್ಳುತ್ತಾಳೆ, ಬೈಸಿಕೊಂಡು ಹೋಗುತ್ತಾಳೆ. ವರ್ಲೀನ್ ಮತ್ತೆ ಪರದೆಯ ಕಡೆ ತಿರುಗುತ್ತಾರೆ. ಅಲ್ಲಿ ಅರ್ಧ ವಾಕ್ಯ ಕಾದು ನಿಂತಿದೆ.

ಎರಡು ವರ್ಷದ ನರ್ಸಿಂಗ್ ಓದಿ ಕೆಲಸಕ್ಕೆ ಸೇರಿದವರು ಮಿಕ್ಕದ್ದನ್ನು ಓದಿ ಪದವಿ ಪೂರೈಸುವ ಆನ್‌ಲೈನ್ ಕೋರ್ಸು ಇದು. ವರ್ಲೀನ್ ಹುಡುಗಿಯಾಗಿದ್ದಾಗ ಇದೇ ಆಸ್ಪತ್ರೆಗೆ ಕೆಲಸಕ್ಕೆ ಸೇರಿದವರು. ಊರಿನ ಅರ್ಧ ಮಕ್ಕಳು ಹುಟ್ಟುವಾಗ ಈಕೆ ಪಕ್ಕದಲ್ಲಿದ್ದರು. ಆಮೇಲೆ ಲಾಭವಿಲ್ಲವೆಂದು ಬೀಗ ಬಿತ್ತು. ಈಗ ಹತ್ತಿರದ ಆಸ್ಪತ್ರೆಗೆ ಎರಡು ಬೆಟ್ಟ ದಾಟಬೇಕು. ಇವರ ಮನೆ ಇರುವ ಕಣಿವೆಯಲ್ಲಿ ಸಿಗ್ನಲ್ ಸಿಗುವುದಿಲ್ಲ. ಈ ಅಂಗಳದಲ್ಲಿ ಸಿಗುತ್ತದೆ. ಹಾಗಾಗಿ ತರಗತಿ ಇಲ್ಲೇ.

ಐವತ್ತು ದಾಟಿದ ಮೇಲೆ ಓದಿನ ಹುಚ್ಚು ಯಾಕೆಂದು ಊರವರು ಆಡಿಕೊಂಡದ್ದುಂಟು. ಇದೇ ಊರಿನವನಾದ ನಾನೂ ಆಡಿಕೊಂಡವನೇ. ಕಾರಣ ಸರಳವಾಗಿದೆ. ಪದವಿ ಇರುವ ನರ್ಸ್ ಒಬ್ಬರು ಜವಾಬ್ದಾರಿ ಹೊತ್ತರೆ ಆಸ್ಪತ್ರೆಯ ಮುಂದಿನ ಕೋಣೆಯನ್ನು ಪುಟ್ಟ ಚಿಕಿತ್ಸಾಲಯವಾಗಿ ತೆರೆಯುತ್ತೇವೆಂದು ಕೌಂಟಿಯವರು, ಅಂದರೆ ಇಲ್ಲಿಯ ಜಿಲ್ಲಾಡಳಿತದವರು, ಒಪ್ಪಿದ್ದಾರೆ. ಹೊರಗಿನಿಂದ ಯಾರೂ ಬರಲು ತಯಾರಿಲ್ಲ. ವರ್ಲೀನ್ ಪಾಸಾದರೆ ಕೋಣೆ ತೆರೆಯುತ್ತದೆ, ಇಲ್ಲದಿದ್ದರೆ ಇಲ್ಲ.

ಪ್ರತಿ ವಾರ ಪಾಠ ಓದಬೇಕು, ಅಭಿಪ್ರಾಯ ಬರೆದು ಹಾಕಬೇಕು, ಸಹಪಾಠಿಗಳಿಬ್ಬರ ಬರಹಕ್ಕೆ ಉತ್ತರ ಕೊಡಬೇಕು. ಆ ಸಹಪಾಠಿಗಳ ಮುಖವನ್ನು ವರ್ಲೀನ್ ಎಂದೂ ನೋಡಿಲ್ಲ. ಅಲಾಸ್ಕದ ಒಬ್ಬಾಕೆ ಚಳಿಗಾಲವಿಡೀ ಕತ್ತಲಲ್ಲೇ ದಿನ ಕಳೆಯುತ್ತಾಳೆ, ಟೆಕ್ಸಸ್‌ನ ಇನ್ನೊಬ್ಬ ಅಮ್ಮನನ್ನು ಕಳೆದುಕೊಂಡ ವಾರವೂ ಉತ್ತರ ಬರೆದಿದ್ದಾನೆ. "ಕಣ್ಣು ಮುಚ್ಚಿದ್ರೆ ಅವ್ರೆಲ್ಲ ಇದೇ ಕಾರಿನ ಹಿಂದಿನ ಸೀಟಲ್ಲಿ ಕೂತಂಗಿರುತ್ತೆ. ಒಬ್ರೂ ಮಾತಾಡಲ್ಲ, ಎಲ್ರಿಗೂ ನಿದ್ದೆ," ಎನ್ನುತ್ತಾರೆ ವರ್ಲೀನ್.

ನಿದ್ದೆಯೇ ಇವರ ದೊಡ್ಡ ಶತ್ರು. ಒಮ್ಮೆ ಟೈಪ್ ಮಾಡುತ್ತಲೇ ಜೊಂಪು ಹತ್ತಿತಂತೆ. ಕನಸಿನಲ್ಲಿ ಬೀಗ ಹಾಕಿದ ಬಾಗಿಲು ತೆರೆದಿತ್ತು, ಒಳಗಿನ ದೀಪಗಳೆಲ್ಲ ಉರಿಯುತ್ತಿದ್ದವು, ರೋಗಿಗಳ ಕರೆಗಂಟೆ ಹೊಡೆದುಕೊಳ್ಳುತ್ತಿತ್ತು. ಬೆರಳು ಸುಮ್ಮನಿರಲಿಲ್ಲ. ನಾಯಕತ್ವದ ಬಗ್ಗೆ ಬರೆಯಬೇಕಿದ್ದ ಉತ್ತರದ ನಡುವೆ 'ಒಂಬತ್ತನೇ ಹಾಸಿಗೆಯವರು ನೀರು ಕೇಳುತ್ತಿದ್ದಾರೆ' ಎಂದು ಬರೆದು ಹಾಗೇ ಕಳಿಸಿಬಿಟ್ಟರು. ಎಚ್ಚರವಾಗಿ ನಾಚಿಕೆಯಿಂದ ತೆರೆದು ನೋಡಿದರೆ ಅಲಾಸ್ಕದಾಕೆಯ ಉತ್ತರ ಬಂದಿತ್ತು: 'ಪಾಪ, ನೀರು ಸಿಕ್ತಾ?' ಅಲ್ಲಿದ್ದವರೆಲ್ಲ ನರ್ಸುಗಳೇ. ಯಾರೂ ಗೇಲಿ ಮಾಡಲಿಲ್ಲ.

ಕಳೆದ ವಸಂತದಲ್ಲಿ ಬಂದದ್ದು ಸಮುದಾಯ ಆರೋಗ್ಯ ಎಂಬ ವಿಷಯ. ಅದರಲ್ಲೊಂದು ವಿಚಿತ್ರ ಕೆಲಸವಿದೆ: ಅಪರಿಚಿತರಂತೆ ಕಾರಿನ ಗಾಜಿನಿಂದಲೇ ಸ್ವಂತ ಊರನ್ನು ನೋಡಿ ಬರೆಯಬೇಕು. ವರ್ಲೀನ್ ಊರೆಲ್ಲ ಸುತ್ತಿ ಅಂಗಡಿ, ಚರ್ಚು, ಮುರಿದ ಸೇತುವೆ ಎಲ್ಲ ಬರೆದರು. ಊರಿನ ನಿಜವಾದ ಸ್ಥಿತಿ ಕಂಡದ್ದು ಇದೇ ಅಂಗಳದಲ್ಲಿ. ಆಸ್ಪತ್ರೆ ಮುಚ್ಚಿದ್ದು ಊರಿಗೆಲ್ಲ ಗೊತ್ತು. ಆದರೂ ಗಾಬರಿಯಾದಾಗ ಜನರ ಕೈ ಹಳೆಯ ರಸ್ತೆಗೇ ಕಾರು ತಿರುಗಿಸುತ್ತದೆ. ಕೈ ಕುಯ್ದುಕೊಂಡವರು, ಜ್ವರದ ಮಗುವನ್ನು ಹೊತ್ತ ತಾಯಂದಿರು ಬೀಗದ ಮುಂದೆ ಬಂದು ನಿಲ್ಲುತ್ತಾರೆ. ಓದಲು ಕೂತಿದ್ದ ವರ್ಲೀನ್ ಬಿಪಿ ಯಂತ್ರವನ್ನು ಜೊತೆಗೆ ತರಲು ಶುರುಮಾಡಿದ್ದು ಆಗಿನಿಂದ.

ಗಡುವಿನ ದಿನ ಇಡೀ ಬರಹ ತಯಾರಾಗಿತ್ತು. ಕಳಿಸುವುದೊಂದೇ ಬಾಕಿ. ಆಗ ಹೋಬರ್ಟ್ ನೇಪಿಯರ್ ಅವರ ಪಿಕಪ್ ಬಂದು ಕಲ್ಲುಕಟ್ಟೆಗೆ ಗುದ್ದಿ ನಿಂತಿತು. ಗಣಿಯಿಂದ ನಿವೃತ್ತರಾದ ಮುದುಕರು, ಎದೆ ಹಿಡಿದುಕೊಂಡಿದ್ದರು. ವರ್ಲೀನ್ ಆಂಬುಲೆನ್ಸ್ ಕರೆಸಿ ತಾವೂ ಹತ್ತಿದರು, ಎರಡು ಬೆಟ್ಟದುದ್ದಕ್ಕೂ ಅವರ ಕೈ ಬಿಡಲಿಲ್ಲ. ಲ್ಯಾಪ್‌ಟಾಪ್ ಕಾರಿನಲ್ಲೇ ಉಳಿಯಿತು. ಮರಳಿ ಬರುವಷ್ಟರಲ್ಲಿ ಗಡುವು ಮುಗಿದಿತ್ತು. ಮುಂಚೆ ಒಂದು ಸಾಲು ಬರೆದಿದ್ದರೆ ಸಮಯ ಕೊಡಬಹುದಿತ್ತು, ಈಗ ನಿಯಮ ಅಡ್ಡ ಬರುತ್ತದೆ ಎಂದು ಮೇಷ್ಟರು ಬೇಸರದಿಂದಲೇ ತಿಳಿಸಿದರು. ಆ ವಿಷಯದಲ್ಲಿ ಫೇಲು.

ನಾನು ಆ ನಿಯಮವನ್ನು ಬಾಯಿಗೆ ಬಂದಂತೆ ಬೈದೆ. ಅಷ್ಟು ಹೊತ್ತಿಗೆ, ಮನೆ ಸಾಮಾನು ಇಟ್ಟುಕೊಳ್ಳಲು ಬಾಡಿಗೆ ಜಾಗ ಕೊಡುವವನೊಬ್ಬ ಈ ಕಟ್ಟಡ ಕೇಳಿದ್ದ. ಡಿಸೆಂಬರಿನವರೆಗೆ ಕಾಯುತ್ತೇವೆ, ಆಮೇಲೆ ಅವನಿಗೇ ಎಂದರು ಕೌಂಟಿಯವರು. ವರ್ಲೀನ್ ಮಾತ್ರ ಯಾರನ್ನೂ ಬೈಯಲಿಲ್ಲ. "ಬಸ್ಸು ತಪ್ಪಿದ್ರೆ ಮುಂದಿನ ಬಸ್ಸು. ನಂಗೆ ಅವತ್ತು ಆ ಪಾಠ ನೆನಪಿಗೇ ಬರ್ಲಿಲ್ಲ, ನೋಡಿ," ಎಂದರು.

ಅದೇ ವಿಷಯವನ್ನು ಈಗ ಎರಡನೇ ಸಲ ಓದುತ್ತಿದ್ದಾರೆ. ಈ ಸಲ ಒಬ್ಬರು ಸಹಾಯಕರಿದ್ದಾರೆ. ಮಂಜು ಕರಗುವ ಹೊತ್ತಿಗೆ ಹೋಬರ್ಟ್ ಬಂದು, ಫ್ಲಾಸ್ಕು ಸರಿಸಿ, ಪಕ್ಕದ ಸೀಟಿನಲ್ಲಿ ಕೂತು, ಕನ್ನಡಕ ಏರಿಸಿ ಪುಸ್ತಕದಿಂದ ಪ್ರಶ್ನೆ ಕೇಳುತ್ತಾರೆ.

"ಹುಡುಗಿ, ತೂಕಡಿಸ್ಬೇಡ. ಸಾಂಕ್ರಾಮಿಕ ಹರಡೋಕೆ ಮೂರು ಕಾರಣ ಹೇಳು."

"ಹೋಬರ್ಟ್ ಅಂಕಲ್, ನೀವು ಜಗೀತಿರೋ ಹೊಗೆಸೊಪ್ಪು ಮೊದ್ಲು ಉಗೀರಿ, ಆಮೇಲೆ ಹೇಳ್ತೀನಿ."

"ಉಗುದ್ರೆ ಸಾಂಕ್ರಾಮಿಕ ಹರಡಲ್ವಾ?"

ಮುದುಕರಿಗೆ ನಗು ತಡೆಯಲಾಗುವುದಿಲ್ಲ. ಒಮ್ಮೆ ಮಾತ್ರ ಗಂಭೀರವಾಗಿ ನನಗೆ ಹೇಳಿದರು: "ಇವ್ಳ ಪರೀಕ್ಷೆ ತಿಂದು ಬದುಕಿದೋನು ನಾನು. ವಾಪಸ್ ಕೊಡ್ಬೇಕಲ್ಲಪ್ಪ."

ಆ ಮಂಜಿನ ಬೆಳಗಾಗಿ ಕೆಲವು ವಾರಕ್ಕೆ, ಒಂದು ಭಾನುವಾರ ಬೆಳಿಗ್ಗೆ ನಾನೂ ಅಲ್ಲಿದ್ದೆ. ವರ್ಲೀನ್ ಗಡುವಿಗೆ ಕಾಯದೆ, ಕಾರಿಗೆ ಬಂದವರೇ ಮೊದಲು ಬರಹ ಕಳಿಸುವ ಗುಂಡಿ ಒತ್ತಿದರು. ಪರದೆಯ ಮೇಲೆ 'ಸಲ್ಲಿಕೆಯಾಗಿದೆ' ಎಂದು ಬಂತು. ಹೋಬರ್ಟ್ ಟೋಪಿ ತೆಗೆದರು. ಬುಧವಾರ ಫಲಿತಾಂಶ: ಪಾಸು. ಪದವಿಗೆ ಬಾಕಿಯಿದ್ದದ್ದು ಈ ವಿಷಯ ಒಂದೇ. ಹೊಸ ವರ್ಷಕ್ಕೆ ಮುಂದಿನ ಕೋಣೆಯ ಬೀಗದ ಕೈ ಕೊಡುತ್ತೇವೆಂದು ಕೌಂಟಿಯವರು ಬರೆದುಕೊಟ್ಟಿದ್ದಾರೆ.

ಇನ್ನೇನು ಆಸೆ ಎಂದು ಕೇಳುತ್ತೇನೆ. ವರ್ಲೀನ್ ಬೀಗ ಹಾಕಿದ ಬಾಗಿಲ ಕಡೆ ಕೈ ತೋರಿಸುತ್ತಾರೆ.

"ಇಲ್ಲಿಗೆ ಓಡಿ ಬಂದೋರು ಮೊದ್ಲು ಏನ್ಮಾಡ್ತಾರೆ ಗೊತ್ತಾ? ನನ್ ಹತ್ರ ಕ್ಷಮೆ ಕೇಳ್ತಾರೆ. 'ಮುಚ್ಚಿರೋದೇ ಮರ್ತೋಯ್ತು, ತಪ್ಪಿ ಬಂದ್ಬಿಟ್ವಿ' ಅಂತಾರೆ. ರಕ್ತ ಸುರೀತಿದ್ರೂ ನಾಚ್ಕೋತಾರೆ. ಅಂಥವ್ರು ಒಬ್ರಿಗೆ ನಾನು ಬಾಗ್ಲಲ್ಲಿ ನಿಂತು ಹೇಳ್ಬೇಕು, 'ತಪ್ಪಿ ಬಂದಿಲ್ಲ ಕಣ್ರೀ. ಸರಿಯಾದ ಜಾಗಕ್ಕೇ ಬಂದಿದ್ದೀರ, ಒಳಗ್ ಬನ್ನಿ' ಅಂತ. ಅಷ್ಟೇ."